ರೂಪಾಯಿಗೆ ಹನ್ನೆರಡಾಣೆ ಆರಾಮ

ಎರಡೂವರೆ ನಿಮಿಷ ಸಾಕು!

ಹೊಟ್ಟೆ ಕೊಯ್ಯಿಸಿಕೊಂಡು, ಮತ್ತಿನ ಮದ್ದಿನಲ್ಲಿ ಮುಳುಗಿ ಎದ್ದು, ಹೊಲಿಗೆ ಹಾಕಿಸಿಕೊಂಡು ಮಲಗಿರುವ ಜೀವ ಎಷ್ಟರ ಮಟ್ಟಿಗೆ ಚೇತರಿಸಿಕೊಂಡಿದೆ ಎಂದು ಅಳೆಯಲು ಇಷ್ಟೇ ಹೊತ್ತು ಬೇಕಂತೆ. ಸ್ಕ್ಯಾನಿಂಗ್ ಇಲ್ಲ, ರಕ್ತ ತೆಗೆಯುವುದಿಲ್ಲ, ಎದೆಗೆ ವೈರು ಅಂಟಿಸುವುದಿಲ್ಲ. ಒಂದು ಹಾಳೆ, ಅದರ ಮೇಲೆ 15 ಪ್ರಶ್ನೆ, ಒಂದೊಂದಕ್ಕೆ 0ಯಿಂದ 10ರವರೆಗೆ ಅಂಕ, ಆರಾಮ ಹೆಚ್ಚಿದಷ್ಟೂ ಅಂಕ ಹೆಚ್ಚು, ಕೂಡಿದರೆ 150. ಆ ಪ್ರಶ್ನೆಗಳಾದರೂ ಎಂಥವು ಅಂತೀರಿ? ಕಳೆದ 24 ಗಂಟೆಯಲ್ಲಿ ಉಸಿರಾಟ ಸಲೀಸಾಗಿತ್ತೇ? ಊಟ ರುಚಿಸಿತೇ? ನಿದ್ದೆ ಚೆನ್ನಾಗಿ ಬಂತೇ? ಬಚ್ಚಲು, ಪಾಯಖಾನೆ ನೀವೇ ನೋಡಿಕೊಂಡಿರೇ? ಮನೆಯವರ ಜೊತೆ ಮಾತಾಡಲು ಆಯಿತೇ? ವಾಂತಿ ಬಂದಂಗಾಯಿತೇ? ಜೀವಕ್ಕೆ ಬೇಸರವಾಗಿತ್ತೇ?

ಮೊದಲ ಸಲ ಈ ಹಾಳೆ ಓದಿದವರು ಯಾರೇ ಆಗಲಿ, ಅದರಲ್ಲೂ ನಮ್ಮ ಕೃಷ್ಣಾ ತೀರದವರು, ಹೌಹಾರದೆ ಇರಲಾರರು. ಇದನ್ನೆಲ್ಲ ನಾವು ಕೇಳಿಯೇ ಇದ್ದೇವಲ್ಲ! ಮಿರಜದ ಯಾವುದೇ ದವಾಖಾನೆಯ ಯಾವುದೇ ವಾರ್ಡಿಗೆ ಸಂಜೆ ಭೇಟಿಯ ಹೊತ್ತಿಗೆ ಹೋಗಿ. ಅಂಕಲಿ, ಮಾಂಜರಿ, ಯಡೂರು, ಕಲ್ಲೋಳದಿಂದ ಬಂದ ಬೀಗರು ಮಂಚದ ತುದಿಗೆ ಕೂತು, ಎಳನೀರು, ಬಿಸ್ಕೀಟು ಕೆಳಗಿಟ್ಟು, ಇದೇ ಯಾದಿಯನ್ನು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಕೇಳುತ್ತಿರುತ್ತಾರೆ. "ಹ್ಯಾಂಗ ಅದೀರಿ ಕಾಕಾ? ಉಂಡ್ರೇನ? ರಾತ್ರಿ ನಿದ್ದಿ ಹತ್ತಿತ್ತ? ಬ್ಯಾನಿ ಕಡಿಮಿ ಆತ? ಎದ್ದು ಅಡ್ಡಾಡ್ತೀರಿಲ್ಲೋ?" ಈ ಮಾತುಗಳಿಗೆ ಅಂಕ ಹಚ್ಚಿ, ಕೂಡಿಸಿ, ಒರೆಗೆ ಹಚ್ಚಿ, ಲೋಕದ ಆಸ್ಪತ್ರೆಗಳೆಲ್ಲ ಒಪ್ಪುವ ಮಾಪಕ ಮಾಡಲು ವೈದ್ಯವಿಜ್ಞಾನಕ್ಕೆ ಎಷ್ಟು ಕಾಲ ಹಿಡಿಯಿತು ಗೊತ್ತೇ? ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಮೂಸಿಸಿ ನೋವಿಲ್ಲದೆ ಆಪರೇಷನ್ ಮಾಡಿ ತೋರಿಸಿದ್ದು 1846ರ ಅಕ್ಟೋಬರ್ 16. ಈ 15 ಪ್ರಶ್ನೆಗಳ ಹಾಳೆ ಹೊರಬಂದದ್ದು 2013. ನಡುವೆ ಹೋದದ್ದು 167 ವರ್ಷ!

ಆ 167 ವರ್ಷ ವೈದ್ಯರು ಸುಮ್ಮನೆ ಕೂತಿರಲಿಲ್ಲ, ನಿಜ. ಅಳೆಯುತ್ತಲೇ ಇದ್ದರು. ಆದರೆ ಅಳೆದದ್ದು ಏನನ್ನು?

ಮೊದಮೊದಲಿಗೆ ಒಂದೇ ಲೆಕ್ಕ: ಬದುಕಿದನೋ, ಸತ್ತನೋ. ಕ್ಲೋರೋಫಾರ್ಮ್ ಕೊಟ್ಟ ರೋಗಿ ಮೇಜಿನ ಮೇಲೆಯೇ ಉಸಿರು ನಿಲ್ಲಿಸಿಬಿಡುತ್ತಿದ್ದ ಕಾಲ ಅದು. ಉಸಿರು ಮೊದಲು ನಿಲ್ಲುತ್ತದೋ ಎದೆಬಡಿತವೋ ಎಂದು ತಿಳಿಯಲು ನಮ್ಮ ಪಕ್ಕದ ಹೈದರಾಬಾದಿನಲ್ಲಿ ನಿಜಾಮರ ಹಣದಲ್ಲಿ 1888 ಮತ್ತು 1889ರಲ್ಲಿ ಎರಡೆರಡು ಆಯೋಗ ಕೂತವು. ಕೆಲವೇ ವರ್ಷಗಳಲ್ಲಿ, 1894ರಲ್ಲಿ, ಕೆನಡಾದ ಮಿಶನರಿ ಸರ್ಜನ್ ವಿಲಿಯಂ ವಾನ್‌ಲೆಸ್ ಮಿರಜದಲ್ಲಿ ಆಸ್ಪತ್ರೆ ತೆರೆದರು. ಅಂಕಲಿಗೆ ಬೆಳಗಾವಿಗಿಂತ ಮಿರಜವೇ ಹತ್ತಿರ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಕಡೆಯವರಿಗೆ ಆಪರೇಷನ್ ಅಂದರೆ ಮಿರಜ ಎಂಬ ರೂಢಿ ಬೆಳೆದದ್ದು ಅಂದಿನಿಂದ. ಗಡಿ ಯಾವ ಕಡೆ ಬಿದ್ದರೇನು, ಹೊಟ್ಟೆನೋವಿಗೆ ರಾಜ್ಯ ಪುನರ್ವಿಂಗಡಣೆ ತಿಳಿಯುವುದಿಲ್ಲ.

ಅದೇ ಕಾಲದ ಸುಮಾರಿಗೆ ಬಾಸ್ಟನ್‌ನಲ್ಲಿ ಒಬ್ಬ ಹಟಮಾರಿ ಹುಟ್ಟಿಕೊಂಡ: ಅರ್ನೆಸ್ಟ್ ಕಾಡ್ಮನ್ ಎಂಬ ಸರ್ಜನ್. ಆತನ ತಗಾದೆ ಇಷ್ಟೇ. ರೋಗಿಯನ್ನು ಮನೆಗೆ ಕಳಿಸಿದಿರಿ, ಸರಿ. ಒಂದು ವರ್ಷದ ಮೇಲೆ ಆತ ಹೇಗಿದ್ದಾನೆ ಅಂತ ಯಾರಾದರೂ ಕೇಳಿದಿರಾ? ಪ್ರತಿ ರೋಗಿಗೂ ಒಂದೊಂದು ಕಾರ್ಡು ಮಾಡಿ, ವರ್ಷದ ಮೇಲೆ ಹುಡುಕಿ ಹಿಡಿದು ವಿಚಾರಿಸಿ, ಗುಣವಾಗದಿದ್ದರೆ ಏಕೆ ಎಂದು ಬರೆದ. ತನ್ನ ಸ್ವಂತ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಮನೆಗೆ ಹೋದ 337 ರೋಗಿಗಳಲ್ಲಿ 123 ತಪ್ಪುಗಳು ನಡೆದಿದ್ದವು ಎಂದು ತಾನೇ ಅಚ್ಚುಹಾಕಿಸಿದ! ಸಹೋದ್ಯೋಗಿಗಳು ಈತನನ್ನು ಎಷ್ಟು ಪ್ರೀತಿಸಿರಬಹುದು, ನೀವೇ ಊಹಿಸಿಕೊಳ್ಳಿ. ಇವತ್ತು ಆಸ್ಪತ್ರೆಗಳ ಫಲಿತಾಂಶ ಅಳೆಯುವ ಶಾಸ್ತ್ರಕ್ಕೆ ಮೂಲಪುರುಷ ಈತನೇ ಎನ್ನುತ್ತಾರೆ.

ಇನ್ನು ಆಪರೇಷನ್ ಮುಗಿದ ಗಳಿಗೆಗೆ ಬರೋಣ. ಮನೆಯವರು ಯಾರೂ ನೋಡಿರದ, ಥಿಯೇಟರಿನ ಬಾಗಿಲ ಆಚೆ ನಡೆಯುವ ಒಂದು ಪರೀಕ್ಷೆ ಇದೆ. ಅದನ್ನು ಹತ್ತಿರದಿಂದ ನೋಡಲೇಬೇಕು.

ಕೊನೆಯ ಹೊಲಿಗೆ ಬಿದ್ದಿದೆ. ಮದ್ದು ನಿಲ್ಲಿಸಿದ್ದಾರೆ. ಗಂಟಲೊಳಗಿನ ನಳಿಗೆ ಇನ್ನೂ ಹಾಗೇ ಇದೆ. ಅರಿವಳಿಕೆ ಡಾಕ್ಟರು ತಲೆಯ ಕಡೆ ನಿಂತು, ಬಾಗಿ, ಕಿವಿಯ ಹತ್ತಿರ ಬಾಯಿ ತಂದು ಕೂಗುತ್ತಾರೆ. "ಅಜ್ಜಾ, ಕಣ್ಣ ತಗೀರಿ! ಕಣ್ಣ ತಗೀರಿ ಅಜ್ಜಾ! ಕೈ ಹಿಚುಕ್ರಿ ನಂದು. ಹಾಂ. ತಲಿ ಎತ್ರಿ, ಹಂಗ ಹಿಡೀರಿ, ಹಿಡೀರಿ..." ಐದು ಎಣಿಸುವಷ್ಟು ಹೊತ್ತು ತಲೆ ದಿಂಬು ಬಿಟ್ಟು ಮೇಲೆ ನಿಂತರೆ, ಸ್ನಾಯುಗಳನ್ನು ಸಡಿಲಗೊಳಿಸಿದ್ದ ಮದ್ದು ಬಹುಪಾಲು ಇಳಿಯಿತು, ಇನ್ನು ಉಸಿರಿಗೆ ಅಜ್ಜನ ಎದೆಯೇ ಸಾಕು ಎಂದು ಲೆಕ್ಕ. (ಈಗ ನರಕ್ಕೆ ಸಣ್ಣ ಕರೆಂಟು ಕೊಟ್ಟು ಹೆಬ್ಬೆರಳು ಎಷ್ಟು ಜಿಗಿಯುತ್ತದೆಂದು ಅಳೆಯುವ ಯಂತ್ರ ಬಂದಿದೆ, ತಲೆ ಎತ್ತಿಸುವುದಕ್ಕಿಂತ ಅದೇ ನಂಬಿಗಸ್ತ. ಆದರೂ ಈ ಕೂಗು ಎಲ್ಲೂ ನಿಂತಿಲ್ಲ.) ನಳಿಗೆ ಹೊರಗೆ ಬಂತು. "ಕೆಮ್ರಿ! ಜೋರ ಕೆಮ್ರಿ! ಹೆಸರ ಏನ್ರಿ? ಯಾವೂರ್ರಿ ನಿಮ್ಮದು?"

"ಅಂಕ್ಲಿ."

ಅಷ್ಟು ಸಾಕು! ಆ ಒಂದು ಮಾತಿಗೆ ಅಂಕ ಬಿತ್ತು. ಹೌದು, ಅಕ್ಷರಶಃ ಅಂಕ. ಮೆಕ್ಸಿಕೋ ಮೂಲದ ಅರಿವಳಿಕೆ ತಜ್ಞ ಆಂಟೋನಿಯೋ ಆಲ್ಡ್ರೆಟೆ 1970ರಲ್ಲಿ ಡಯಾನ್ ಕ್ರೌಲಿಕ್ ಜೊತೆ ಸೇರಿ ಪ್ರಕಟಿಸಿದ ಪಟ್ಟಿ ಅದು. ಕೈಕಾಲು ಆಡಿಸುವುದು, ಉಸಿರಾಟ, ರಕ್ತದೊತ್ತಡ, ಎಚ್ಚರ, ಮೈಬಣ್ಣ: ಐದು ಬಾಬತ್ತು, ಒಂದೊಂದಕ್ಕೆ 2 ಅಂಕ. ಹೇಳಿದಂತೆ ನಾಲ್ಕೂ ಕೈಕಾಲು ಆಡಿದರೆ 2, ಎರಡೇ ಆಡಿದರೆ 1. ಆಳವಾಗಿ ಉಸಿರೆಳೆದು ಕೆಮ್ಮಿದರೆ 2. ಬಿಪಿ ಮೊದಲಿದ್ದದ್ದಕ್ಕಿಂತ ಶೇಕಡಾ 20ರ ಆಚೀಚೆ ಇದ್ದರೆ 2. ಪೂರ್ತಿ ಎಚ್ಚರವಿದ್ದರೆ 2, ಕರೆದಾಗ ಮಾತ್ರ ಕಣ್ಣು ಬಿಟ್ಟರೆ 1. ಹತ್ತಕ್ಕೆ ಒಂಬತ್ತು ಬಂದರೆ ಸ್ಟ್ರೆಚರು ವಾರ್ಡಿನ ಕಡೆ ಹೊರಡಬಹುದು. ಆಲ್ಡ್ರೆಟೆಗೆ ಮಾದರಿಯಾದದ್ದು ಹುಟ್ಟಿದ ಕೂಸಿಗೆ ಹತ್ತಕ್ಕೆ ಅಂಕ ಕೊಡುವ ಅಪ್ಗಾರ್ ಪಟ್ಟಿ, 1953ರದು. ಅದನ್ನು ಮಾಡಿದ ವರ್ಜೀನಿಯಾ ಅಪ್ಗಾರ್ ಕೂಡ ಮಕ್ಕಳ ಡಾಕ್ಟರಲ್ಲ, ಅರಿವಳಿಕೆ ಡಾಕ್ಟರೇ! ಜಗತ್ತಿಗೆ ಬರುವ ಕೂಸನ್ನೂ ಮತ್ತಿನಿಂದ ಮರಳುವ ಮುದುಕನನ್ನೂ ಒಂದೇ ಬಗೆಯ ಅಳತೆಗೋಲಿನಲ್ಲಿ ಅಳೆದದ್ದು ಒಂದೇ ಕಸುಬಿನವರು.

ಆದರೆ ಆ ಐದನೆಯ ಬಾಬತ್ತು, ಮೈಬಣ್ಣ! ಮೈ ನಸುಗೆಂಪಾಗಿದ್ದರೆ 2 ಅಂಕವಂತೆ. ಕಬ್ಬಿನ ಗದ್ದೆಯ ಬಿಸಿಲಲ್ಲಿ ಬೆಂದ ಅಂಕಲಿಯ ಅಜ್ಜನ ಮೈಯಲ್ಲಿ ನಸುಗೆಂಪು ಎಲ್ಲಿ ಹುಡುಕಬೇಕು? ನಮ್ಮ ಡಾಕ್ಟರುಗಳು ತುಟಿಯ ಒಳಭಾಗ, ಉಗುರು, ನಾಲಿಗೆ ನೋಡಿ ತೀರ್ಮಾನಿಸುತ್ತಿದ್ದರು. ಕೊನೆಗೆ ಈ ಫಜೀತಿ ತಪ್ಪಿಸಿದ್ದು ಜಪಾನಿನ ತಕುವೋ ಅಯೋಯಾಗಿ 1970ರ ದಶಕದಲ್ಲಿ ಕಂಡುಹಿಡಿದ ತತ್ತ್ವ. ಬೆರಳಿಗೆ ಕ್ಲಿಪ್ಪು ಹಾಕಿ, ಬೆಳಕು ಹಾಯಿಸಿ, ರಕ್ತದಲ್ಲಿನ ಆಮ್ಲಜನಕ ಎಷ್ಟೆಂದು ಹೇಳುವ ಆ ಪಲ್ಸ್ ಆಕ್ಸಿಮೀಟರನ್ನು ಕೊರೊನಾ ಕಾಲದಲ್ಲಿ ನಾವೆಲ್ಲ ಕೊಂಡು ಮನೆಯಲ್ಲಿಟ್ಟುಕೊಂಡೆವಲ್ಲ, ಅದೇ. 1995ರಲ್ಲಿ ಆಲ್ಡ್ರೆಟೆ ತಾನೇ ಮೈಬಣ್ಣ ತೆಗೆದು ಆಮ್ಲಜನಕದ ಅಂಕ ಸೇರಿಸಿದ.

ಸರಿ. ಅಜ್ಜ ಹತ್ತಕ್ಕೆ ಹತ್ತು ಗಿಟ್ಟಿಸಿ ವಾರ್ಡಿಗೆ ಬಂದ. ರಾತ್ರಿ ಮೂರು ಸಲ ವಾಂತಿ. ನಿದ್ದೆಯಿಲ್ಲ. ಬೆಳಿಗ್ಗೆ ಗೋಡೆ ನೋಡುತ್ತ ಮಲಗಿದ, ಮಾತಿಲ್ಲ. ಹತ್ತಕ್ಕೆ ಹತ್ತು! ಮದ್ದು ಮೈಬಿಟ್ಟು ಹೋಗಿದೆಯೇ ಎಂಬುದನ್ನಷ್ಟೇ ಆ ಪಟ್ಟಿ ಕೇಳುತ್ತದೆ, ಅಜ್ಜ ಮರಳಿ ಬಂದಿದ್ದಾನೆಯೇ ಎಂದಲ್ಲ.

ಇಲ್ಲಿ ಮೆಲ್ಬರ್ನ್ ನಗರದ ಆಲ್ಫ್ರೆಡ್ ಆಸ್ಪತ್ರೆಯ ಪಾಲ್ ಮೈಲ್ಸ್ ಎಂಬ ಅರಿವಳಿಕೆ ತಜ್ಞ ಪ್ರವೇಶಿಸುತ್ತಾರೆ. ಈ ಮನುಷ್ಯ ಮಾಡಿದ ಕೆಲಸ ಎಷ್ಟು ಸರಳವೋ ಅಷ್ಟೇ ಬೆರಗಿನದು: ಚೇತರಿಕೆ ಅಂದರೆ ಯಾವುದು ಎಂದು ರೋಗಿಗಳನ್ನೇ ಕೇಳಿದರು. 1999ರಲ್ಲಿ ಮೊದಲು 9 ಪ್ರಶ್ನೆಗಳ ಪಟ್ಟಿ ಬಂತು, 18 ಅಂಕದ್ದು. ಮರುವರ್ಷ 40 ಪ್ರಶ್ನೆಗಳದು: ಮೈಯ ಹಿತ, ಮನಸ್ಸು, ಸ್ವಾವಲಂಬನೆ, ಒತ್ತಾಸೆ, ನೋವು ಎಂದು ಐದು ಕವಲು. ಚೆನ್ನಾಗಿತ್ತು, ಆದರೆ ಹೊಲಿಗೆ ಎಳೆಯುತ್ತಿರುವಾಗ 40 ಪ್ರಶ್ನೆಗೆ ಉತ್ತರ ಕೊಡುವ ತಾಳ್ಮೆ ಯಾರಿಗಿದೆ? 2013ರಲ್ಲಿ ಸ್ಟಾರ್ಕ್, ಮೈಲ್ಸ್, ಬರ್ಕ್ ಎಂಬ ಮೂವರು ಅದನ್ನು ಕಡೆದು 15ಕ್ಕೆ ಇಳಿಸಿದರು. 127 ರೋಗಿಗಳ ಮೇಲೆ ಒರೆಗೆ ಹಚ್ಚಿದರು. ಸರಾಸರಿ 2.4 ನಿಮಿಷದಲ್ಲಿ ಮುಗಿಯಿತು. ಕ್ಯೂಓಆರ್-15 ಎಂದು ಈಗ ಅರಿವಳಿಕೆ ಡಾಕ್ಟರುಗಳ ಬಾಯಲ್ಲಿ ಓಡಾಡುವುದು ಇದೇ.

ಅಷ್ಟಕ್ಕೇ ನಿಲ್ಲಲಿಲ್ಲ ಇವರು. ಅಂಕ ಎಷ್ಟು ಏರಿಳಿದರೆ ಅದು ರೋಗಿಯ ಅನುಭವಕ್ಕೆ ಬರುತ್ತದೆ ಎಂದು ಹುಡುಕಹೊರಟರು! ತೂಕದ ಯಂತ್ರಕ್ಕೆ ಗ್ರಾಂ ತಿಳಿಯಬಹುದು, ಹೊತ್ತವನಿಗೆ ಗ್ರಾಂ ತಿಳಿಯದು. ಹಾಗಾದರೆ ಎಷ್ಟು ತಿಳಿದೀತು? ರೋಗಿಗಳನ್ನು ಮತ್ತೆ ಮತ್ತೆ ಕೇಳಿ, "ನಿನ್ನೆಗಿಂತ ಇವತ್ತು ಮೇಲು" ಎಂದವರ ಅಂಕ ಎಷ್ಟು ಸರಿದಿದೆ ನೋಡಿ, 2016ರಲ್ಲಿ 8 ಅಂಕ ಎಂದರು. 2021ರಲ್ಲಿ ಇನ್ನಷ್ಟು ಜನರ ಲೆಕ್ಕ ಸೇರಿಸಿ 6ಕ್ಕೆ ಇಳಿಸಿದರು. ನೂರೈವತ್ತರಲ್ಲಿ ಆರು. ಅಷ್ಟು ಸಣ್ಣ ವ್ಯತ್ಯಾಸವೂ ಮಲಗಿದವರಿಗೆ ಗೊತ್ತಾಗುತ್ತದೆ!

ಇದನ್ನು ಓದುತ್ತಿದ್ದಾಗ ನಮ್ಮ ಕಡೆಯ ಹಳಬರು ನೆನಪಾಗಿ ಕುರ್ಚಿಯಿಂದ ಎದ್ದುಬಿಟ್ಟೆ. ಚಿಕ್ಕೋಡಿ ಸೀಮೆಯ ಯಾವ ಡಾಕ್ಟರನ್ನು ಬೇಕಾದರೂ ಕೇಳಿ. ಗುಳಿಗೆ ತಗೊಂಡು ಹೋದ ಮುದುಕಿ ನಾಲ್ಕು ದಿನ ಬಿಟ್ಟು ಬರುತ್ತಾಳೆ. ಹೇಗಿದೀಯಮ್ಮ ಅಂದರೆ, "ರೂಪಾಯಿಗೆ ಹನ್ನೆರಡಾಣೆ ಆರಾಮ ಐತ್ರಿ, ನಾಕಾಣೆ ಇನ್ನಾ ಐತಿ" ಎನ್ನುತ್ತಾಳೆ. ದೇಶದಲ್ಲಿ ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಪೇಟೆಯಿಂದ ಆಣೆ ಮಾಯವಾದರೂ ಕಾಯಿಲೆಯ ಲೆಕ್ಕದಿಂದ ಹೋಗಿಲ್ಲ! ಹದಿನಾರು ಮೆಟ್ಟಿಲಿನ, ಅಕ್ಷರ ಬಾರದವರೂ ಲೀಲಾಜಾಲವಾಗಿ ಬಳಸುವ, ಯಾರೂ ಕಲಿಸಿಕೊಡಬೇಕಿಲ್ಲದ ಅಳತೆಗೋಲು ನಮ್ಮ ಮುದುಕಿಯರ ಬಾಯಲ್ಲೇ ಇದೆ. "0ಯಿಂದ 10ರೊಳಗೆ ನಿಮ್ಮ ನೋವಿಗೆ ಎಷ್ಟು ಅಂಕ ಕೊಡ್ತೀರಿ" ಎಂದು ಕೇಳಿದರೆ ಪಿಳಿಪಿಳಿ ನೋಡುವ ಅದೇ ಅಜ್ಜಿ, ಆಣೆಯಲ್ಲಿ ಕೇಳಿದರೆ ತಡವರಿಸದೆ ಹೇಳುತ್ತಾಳೆ.

ಹುಚ್ಚು ಹಿಡಿದವನ ಹಾಗೆ ಲೆಕ್ಕ ಹಾಕತೊಡಗಿದೆ. ಅಜ್ಜಿಯ ಆಣೆಗೂ ಮೆಲ್ಬರ್ನಿನ ಅಂಕಕ್ಕೂ ಯಾರೂ ಗಂಟು ಹಾಕಿಲ್ಲ, ಇದು ನನ್ನ ಆಟ ಅಷ್ಟೇ, ಆದರೂ ನೋಡಿ. 150ನ್ನು ರೂಪಾಯಿ ಅಂದುಕೊಂಡರೆ ಹನ್ನೆರಡಾಣೆ ಅಂದರೆ 112 ಚಿಲ್ಲರೆ. 2018ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಈ ಅಂಕಗಳನ್ನು ದರ್ಜೆ ಮಾಡಿದ್ದಾರೆ: 136ರಿಂದ ಮೇಲೆ ಅತ್ಯುತ್ತಮ, 122ರಿಂದ 135 ಉತ್ತಮ, 90ರಿಂದ 121 ಸಾಧಾರಣ, ಅದರ ಕೆಳಗೆ ಕಳಪೆ. ನಮ್ಮ ಅಜ್ಜಿಯ ಹನ್ನೆರಡಾಣೆ ಸಾಧಾರಣಕ್ಕೆ ಬಿತ್ತು; ಉತ್ತಮ ಅನ್ನಿಸಿಕೊಳ್ಳಲು ಹದಿಮೂರಾಣೆ ಬೇಕು, ಅತ್ಯುತ್ತಮಕ್ಕೆ ಹದಿನಾಲ್ಕೂವರೆ. ಇನ್ನು ಮಲಗಿದವರಿಗೆ ಗೊತ್ತಾಗುವ ಆ 6 ಅಂಕ? ಆಣೆಗೆ ನಾಲ್ಕು ಪೈಸೆಯ ಹಳೇ ಲೆಕ್ಕದಲ್ಲಿ ಎರಡೂವರೆ ಪೈಸೆ! ರೂಪಾಯಿಯಲ್ಲಿ ಎರಡೂವರೆ ಪೈಸೆಯಷ್ಟು ಆರಾಮ ಹೆಚ್ಚಿದರೆ ಮನುಷ್ಯನಿಗೆ ತಿಳಿಯುತ್ತದೆ.

ಹಾಗಾದರೆ ಅಜ್ಜಿಯ ಒಂದು ಮಾತೇ ಸಾಕಲ್ಲ, 15 ಪ್ರಶ್ನೆ ಏಕೆ ಎಂದೀರಿ. ಇಲ್ಲಿದೆ ಗುಟ್ಟು. ಅಕ್ಕಪಕ್ಕದ ಎರಡು ಮಂಚ ನೋಡಿ. ಎರಡರಲ್ಲೂ ಪಿತ್ತಕೋಶದ ಕಲ್ಲು ತೆಗೆಸಿಕೊಂಡವರು, ಇಬ್ಬರದೂ ಮರುದಿನದ ಅಂಕ 112. ಮೊದಲನೆಯವಳಿಗೆ ನೋವು ಅಷ್ಟಾಗಿ ಇಲ್ಲ, ಆದರೆ ಹೊಟ್ಟೆ ತೊಳಸಿ ನೀರೂ ನಿಲ್ಲುತ್ತಿಲ್ಲ, ಊಟದ ಪ್ರಶ್ನೆಗೆ 1, ವಾಂತಿಯ ಪ್ರಶ್ನೆಗೆ 2. ಎರಡನೆಯವನು ಉಂಡಿದ್ದಾನೆ, ನಡೆದಿದ್ದಾನೆ. ಆದರೆ ನಿದ್ದೆ 2, ಕಳವಳ 1, ಬೇಸರ 3. ವಿಚಾರಿಸಿದರೆ ಗೊತ್ತಾಗುತ್ತದೆ, ಹಂಗಾಮು ಮುಗಿಯುತ್ತ ಬಂದರೂ ಕಬ್ಬು ಕಡಿಯುವ ಗ್ಯಾಂಗು ಸಿಗದೆ ಹೊಲದಲ್ಲೇ ಬೆಳೆ ನಿಂತಿದೆ. ಒಬ್ಬಳಿಗೆ ವಾಂತಿ ನಿಲ್ಲುವ ಸೂಜಿ ಸಾಕು. ಇನ್ನೊಬ್ಬನಿಗೆ ಯಾವ ಸೂಜಿ? ಕೂಡಿದ ಅಂಕ ಒಂದೇ, ಬಿಡಿಸಿ ನೋಡಿದರೆ ಎರಡು ಬೇರೆ ಬೇರೆ ಕತೆ. ಇಬ್ಬರ ಬಿಪಿ, ನಾಡಿ, ಜ್ವರದ ಚಾರ್ಟು ನೋಡಿದ್ದರೆ ಇಬ್ಬರೂ ನಾರ್ಮಲ್!

ಕಣ್ಣಿಗೆ ನಾರ್ಮಲ್ ಕಾಣುವುದೇ ಒಂದು, ಇರುವುದೇ ಒಂದು. ಈ ಪಾಠವನ್ನು ಇಡೀ ಜಗತ್ತಿಗೆ ಕಲಿಸಿದ ಇನ್ನೊಂದು ಹಾಳೆಯ ಕತೆ ಕೇಳಿದರೆ ನೀವು ಬೆರಗಾಗುತ್ತೀರಿ, ಏಕೆಂದರೆ ಅದು ಹುಟ್ಟಿದ್ದು ಮೆಲ್ಬರ್ನಿನಲ್ಲಲ್ಲ, ನಮ್ಮ ಬೆಳಗಾವಿಯಲ್ಲಿ!

ಅಂಕಲಿಯ ಹೆಸರು ರಾಜ್ಯಕ್ಕೆಲ್ಲ ಗೊತ್ತಿರುವುದು ಆ ಊರಿನ ಪ್ರಭಾಕರ ಕೋರೆಯವರಿಂದ. ಅವರು ದಶಕಗಳ ಕಾಲ ಮುನ್ನಡೆಸಿದ, 1916ರಲ್ಲಿ ಹುಟ್ಟಿದ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು 1963ರಿಂದ ಬೆಳಗಾವಿಯಲ್ಲಿದೆ. ಅಲ್ಲಿನ ಬಿ.ಎಸ್. ಕೊಡಕಣಿ, ಶಿವಪ್ರಸಾದ ಗೌಡರ ಮೊದಲಾದ ವೈದ್ಯರು ಅಮೆರಿಕದ ರಿಚರ್ಡ್ ಡರ್ಮನ್ ಜೊತೆಗೂಡಿ ಹಿಡಿದ ಪ್ರಶ್ನೆ: ಹೆರಿಗೆಯಾದ ತಾಯಿಗೆ ಎಷ್ಟು ರಕ್ತ ಹೋಯಿತು? ಅಲ್ಲಿಯವರೆಗೆ ಉತ್ತರ ಒಂದೇ, ಕಣ್ಣಂದಾಜು. ಬಟ್ಟೆ ನೆಂದಿದೆ, ನೆಲಕ್ಕೆ ಇಷ್ಟು ಹರಿದಿದೆ, ಸುಮಾರು ಇಷ್ಟಿರಬಹುದು. ಇವರು ಒಂದು ಪ್ಲಾಸ್ಟಿಕ್ ಹಾಳೆ ಮಾಡಿಸಿದರು. ತಾಯಿಯ ಸೊಂಟದ ಕೆಳಗೆ ಹಾಸುವುದು, ಕೆಳತುದಿಯಲ್ಲಿ ಅದು ಲಾಳಿಕೆಯಂತೆ ಇಳಿಜಾರಾಗಿ ಚೀಲವಾಗುತ್ತದೆ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಇಷ್ಟೇ ಯಂತ್ರ! ಜಿಲ್ಲಾಸ್ಪತ್ರೆಯಲ್ಲಿ ಒರೆಗೆ ಹಚ್ಚಿದಾಗ, ಕಣ್ಣಂದಾಜು ನಿಜಕ್ಕಿಂತ ಶೇಕಡಾ 33ರಷ್ಟು ಕಡಿಮೆ ಹೇಳುತ್ತದೆಂದು ಹೊರಬಿತ್ತು. ಅನುಭವಸ್ಥ ಕಣ್ಣುಗಳೇ ಮೂರರಲ್ಲಿ ಒಂದು ಪಾಲು ರಕ್ತವನ್ನು ಕಾಣದೆ ಬಿಟ್ಟಿದ್ದವು!

ಅದೇ ಹಾಳೆ ಹಿಡಿದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂ ದಾದಿಯರು 1,620 ಹೆರಿಗೆಗಳನ್ನು ಅಳೆದರು. ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆ ಕೊಟ್ಟರೆ ಅತಿ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯುತ್ತದೆಂದು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹದಿನೇಳು ವರ್ಷದ ಮೇಲೆ, 2023ರಲ್ಲಿ, ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ ದೊಡ್ಡ ಅಧ್ಯಯನ ಬಂತು. ಗೆರೆ ಹಾಕಿದ ಇಂಥದೇ ಹಾಳೆಯಿಂದ ಅಳೆದು, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೇ ಶುರುಮಾಡಿದಲ್ಲಿ ತೀವ್ರ ರಕ್ತಸ್ರಾವ ಮತ್ತದರ ಅನಾಹುತಗಳು ಶೇಕಡಾ 60ರಷ್ಟು ತಗ್ಗಿದವು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಅಳೆದೇ ನೋಡಿ ಎಂದಿತು.

ಬೆಳಗಾವಿಯ ಪ್ಲಾಸ್ಟಿಕ್ ಹಾಳೆ, ಮೆಲ್ಬರ್ನಿನ ಕಾಗದದ ಹಾಳೆ. ಎರಡೂ ಅಗ್ಗ, ಎರಡಕ್ಕೂ ಕರೆಂಟು ಬೇಡ. ಪಳಗಿದ ಕಣ್ಣು ತಪ್ಪಿಸಿಕೊಂಡದ್ದನ್ನು ಎರಡೂ ಹಿಡಿಯುತ್ತವೆ.

ಅಳತೆ ಬಂದರೆ ಹಳೆಯ ಕಟ್ಟಳೆಗಳೂ ಅಲುಗಾಡುತ್ತವೆ. ಹೊಟ್ಟೆಯ ಆಪರೇಷನ್ ಆದವರ ಬಳಿ ಸಿಸ್ಟರ್ ಬಂದು ಎಲ್ಲರೆದುರಿಗೆ "ಗಾಳಿ ಹೋತೇನ್ರಿ?" ಎಂದು ಕೇಳುವುದು, ಗಾಳಿ ಹೋಗುವವರೆಗೆ ಒಂದು ಗುಟುಕು ಚಹಾಕ್ಕೂ ಗತಿಯಿಲ್ಲದಿರುವುದು, ಹೋದ ಸುದ್ದಿ ಕೇಳಿ ಮನೆಮಂದಿಗೆಲ್ಲ ಪೇಢೆ ಹಂಚುವಷ್ಟು ಸಂತೋಷವಾಗುವುದು, ಇದು ಯಾರಿಗೆ ಗೊತ್ತಿಲ್ಲ? ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಇಂಥ ಒಂದೊಂದು ಕಟ್ಟಳೆಯನ್ನೂ ಹಿಡಿದು, ಇದರಿಂದ ಚೇತರಿಕೆ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂದು ಕೇಳತೊಡಗಿದರು. ಬೇಗ ಉಣಿಸಿ, ಬೇಗ ಎಬ್ಬಿಸಿ, ನೋವಿಗೆ ಒಂದೇ ಮದ್ದು ಸುರಿಯದೆ ಹಲವು ದಾರಿಯಿಂದ ತಡೆದು, ದೊಡ್ಡ ಕರುಳಿನ ಆಪರೇಷನ್ ಆದವರನ್ನು ಎರಡು-ಮೂರು ದಿನಕ್ಕೆ ಮನೆಗೆ ಕಳಿಸಿದರು! ಹಿಂದಿನ ರಾತ್ರಿಯಿಂದ ನೀರನ್ನೂ ಮುಟ್ಟಬಾರದೆಂಬ ಕಠೋರ ಉಪವಾಸವೂ ಹೋಯಿತು. ಸಾಮಾನ್ಯ ರೋಗಿಗಳಿಗೆ ಆಪರೇಷನ್ನಿಗೆ ಎರಡು ಗಂಟೆ ಮುಂಚಿನವರೆಗೆ ತಿಳಿನೀರು ಕೊಡಬಹುದೆಂದು ಈಗಿನ ಮಾರ್ಗಸೂಚಿಗಳೇ ಹೇಳುತ್ತವೆ. (ನಿಮ್ಮ ಡಾಕ್ಟರು ಬೇಡ ಎಂದರೆ ಈ ಲೇಖನ ತೋರಿಸಿ ಜಗಳಕ್ಕೆ ನಿಲ್ಲಬೇಡಿ. ಅವರ ಕಾರಣ ಅವರಿಗಿರುತ್ತದೆ.)

ಇಷ್ಟೆಲ್ಲ ಕುಣಿದಾಡಿದ ಮೇಲೂ ಒಂದು ತಕರಾರು ನನ್ನಲ್ಲಿ ಉಳಿದೇ ಇದೆ. ಮೆಲ್ಬರ್ನಿನ ಈ ಹಾಳೆ ರೋಗಿ ಒಬ್ಬನೇ ಕೂತು ತುಂಬುತ್ತಾನೆಂದು ನಂಬಿ ಮಾಡಿದ್ದು. ನಮ್ಮ ವಾರ್ಡಿನಲ್ಲಿ ರೋಗಿ ಒಬ್ಬನೇ ಇರುವುದುಂಟೇ? "ನಿದ್ದಿ ಬಂತೇನಮ್ಮ?" ಎಂದು ಸೊಸೆಯನ್ನು ಕೇಳಿದರೆ ಅತ್ತೆ ಉತ್ತರಿಸುತ್ತಾಳೆ, "ಏ, ಛಲೋ ಮಲಗಿದ್ಲರಿ." ನೋವೆಷ್ಟು ಎಂದರೆ ಗಂಡ ಹೇಳುತ್ತಾನೆ. ಸ್ವತಃ ಬಚ್ಚಲಿಗೆ ಹೋದಿರಾ ಎಂಬ ಪ್ರಶ್ನೆಗೆ ಸೊನ್ನೆ ಬಿದ್ದರೆ ಅದು ಅಶಕ್ತಿಯೋ, ಇಬ್ಬರು ಹೆಣ್ಣುಮಕ್ಕಳು ತೋಳು ಹಿಡಿಯದೆ ಬಿಡುವುದಿಲ್ಲ ಎಂಬ ಅಕ್ಕರೆಯೋ? ಎಲ್ಲಕ್ಕಿಂತ ಮಜಾ ಏಳನೆಯ ಪ್ರಶ್ನೆ: ಡಾಕ್ಟರು, ನರ್ಸುಗಳು ನಿಮಗೆ ಚೆನ್ನಾಗಿ ನೆರವಾಗುತ್ತಿದ್ದಾರೆಯೇ? ಕೇಳುವವರು ಅದೇ ಡಾಕ್ಟರು, ಎದುರಿಗಿರುವುದು ಅವರದೇ ಕೈಯಲ್ಲಿ ಹೊಲಿಗೆ ಬಿಚ್ಚಿಸಿಕೊಳ್ಳಬೇಕಾದ ಹೊಟ್ಟೆ! ಹತ್ತಕ್ಕೆ ಹನ್ನೊಂದು ಕೊಟ್ಟಾರು ನಮ್ಮ ಜನ. ಈ ಹಾಳೆಯನ್ನು ಬಿಳಿಕೋಟು ತೊಡದ, ಊರ ಮಾತು ಬಲ್ಲ, ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂರುವ ವ್ಯವಧಾನವುಳ್ಳ ಯಾರಾದರೂ ಕೇಳಬೇಕು.

ಅಂಥವರು ನಮ್ಮಲ್ಲಿ ಇದ್ದಾರೆ ಎಂಬುದೇ ನನ್ನ ಕೊನೆಯ ಬೆರಗು. ಅವರತ್ತ ಬರುವ ಮುನ್ನ ಇನ್ನೆರಡು ಅಳತೆ ನೋಡಿಬಿಡೋಣ. ಮೈಲ್ಸ್ ಮತ್ತು ಸಂಗಡಿಗರು 2017ರಲ್ಲಿ ಇನ್ನೊಂದು ಅಳತೆ ಹೊರತಂದರು, ಕೇಳಿದರೆ ನಗು ಬರುವಷ್ಟು ಸರಳ: ಆಪರೇಷನ್ ಆದ 30 ದಿನಗಳಲ್ಲಿ ರೋಗಿ ತನ್ನ ಮನೆಯಲ್ಲಿ ಎಷ್ಟು ದಿನ ಇದ್ದ? ಆಸ್ಪತ್ರೆಯಲ್ಲಿ ಐದು ದಿನ ಕಳೆದರೆ 25. ಹೊಲಿಗೆ ಕೀವಾಗಿ ಮತ್ತೆ ಮೂರು ದಿನ ಸೇರಿಸಿದರೆ 22. ಆ ತಿಂಗಳೊಳಗೆ ತೀರಿಕೊಂಡರೆ ಸೊನ್ನೆ. "ಎಂದ ಮನೀಗಿ ಬಿಡ್ತಾರಂತ?" ಎಂದು ಊರೆಲ್ಲ ಕೇಳುವ ಪ್ರಶ್ನೆಯೇ ಸಂಖ್ಯೆಯಾಗಿ ನಿಂತಿತು! 2019ರಲ್ಲಿ ಬ್ರಿಟನ್ನಿನಲ್ಲಿ ಸಿಸೇರಿಯನ್ ಆದ ತಾಯಂದಿರಿಗೆಂದೇ 11 ಪ್ರಶ್ನೆಗಳ ಹಾಳೆಯೂ ಬಂತು. ಮೈ ನಡುಗಿತೇ? ತಲೆ ತಿರುಗಿತೇ? ಕೂಸನ್ನು ಯಾರ ನೆರವೂ ಇಲ್ಲದೆ ಎತ್ತಿಕೊಳ್ಳಲಾಯಿತೇ? ಹಾಲು ಕುಡಿಸಲಾಯಿತೇ?

ಈಗ ನಮ್ಮ ಆಶಾ ಕಾರ್ಯಕರ್ತೆಯರ ಪುಸ್ತಕ ತೆಗೆದು ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಕೂಸನ್ನು ನೋಡಲು ಅವರು ಮನೆಗೆ ಹೋಗಬೇಕಾದದ್ದು 3, 7, 14, 21, 28 ಮತ್ತು 42ನೆಯ ದಿನ. ಸಿಸೇರಿಯನ್ ಆಗಿದ್ದರೆ ಮೊದಲ ಒಂದೆರಡು ದಿನಾಂಕ ಆಸ್ಪತ್ರೆಯಲ್ಲೇ ಕಳೆದಿರುತ್ತವೆ, ಉಳಿದವು ಮನೆಯಲ್ಲಿ. ತಿಂಗಳ ಲೆಕ್ಕಕ್ಕೆ ಬೇಕಾದ ಭೇಟಿ ಆಗಲೇ ಅಲ್ಲಿದೆ! ತಕ್ಕಡಿಯೂ ಇದೆ, ಥರ್ಮಾಮೀಟರೂ ಇದೆ, ಕೂಸಿನ ತೂಕ ಬರೆಯುವ ಖಾನೆಯೂ ಇದೆ. ಅದರ ಪಕ್ಕದಲ್ಲಿ ತಾಯಿಯ 11 ಪ್ರಶ್ನೆ ಕೂರಿಸಲು, ಅಂಕ ಬೇಡವಾದರೆ ಆಣೆಯಲ್ಲೇ ಬರೆದುಕೊಳ್ಳಲು, ಯಾವ ಯಂತ್ರ ಖರೀದಿಸಬೇಕು? ಅತ್ತೆಯನ್ನು ಚಹಾ ಇಡಲು ಒಳಗೆ ಕಳಿಸಿ ಸೊಸೆಯನ್ನು ಕೇಳುವ ಉಪಾಯವನ್ನಂತೂ ಆಶಾ ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.